ವಡಗಾವಿಯ ಗಲ್ಲಿಗೆಲ್ಲ ಕೇಳಿಸಿದ ಪ್ರಶ್ನೆ

ಮೈಸೂರು ಬಿಟ್ಟು ಬೆಳಗಾವಿಗೆ ಹೊರಡುವ ಮುಂಚೆ ಏನೇನು ಕೆಡಬಹುದು ಎಂದು ನಾನೊಂದು ಪಟ್ಟಿ ಮಾಡಿದ್ದೆ. ರೈಲಿನಲ್ಲಿ ಟ್ರಂಕು ಕಳೆದುಹೋಗಬಹುದು. ಅಲ್ಲಿನ ನೀರು ಹೊಟ್ಟೆಗೆ ಒಗ್ಗದಿರಬಹುದು. ರೊಟ್ಟಿ ತಿಂದು ಹಲ್ಲು ಅಲುಗಾಡಬಹುದು, ಒಂದು ಆಗಲೇ ಅಲುಗಾಡುತ್ತಿತ್ತು. ಅಂಗಡಿಯಲ್ಲಿ ಕನ್ನಡ ಮಾತಾಡಿದರೆ ಮರಾಠಿಯವರಿಗೆ ಬೇಸರವಾಗಬಹುದು, ಮರಾಠಿ ಮಾತಾಡೋಣವೆಂದರೆ ನನಗೆ ಬಾರದು, ಸುಮ್ಮನೆ ನಿಂತರೆ ಇಬ್ಬರಿಗೂ ಅನುಮಾನ ಬರಬಹುದು. ಮಳೆಗಾಲದಲ್ಲಿ ಒಳಬಟ್ಟೆ ಒಣಗದೆ ಚರ್ಮದ ಕಾಯಿಲೆ ಹತ್ತಬಹುದು. ಒಬ್ಬನೇ ಇರುವಾಗ ಬಚ್ಚಲಲ್ಲಿ ಜಾರಿ ಬೀಳಬಹುದು, ಕೂಗಿದರೂ ಯಾರಿಗೂ ಕೇಳಿಸದಿರಬಹುದು. ಈ ಕೊನೆಯದನ್ನು ಓದಿದ ನನ್ನ ಹೆಂಡತಿ ಸುಮಿತ್ರ, "ಇದಕ್ಕೊಂದು ಮುನ್ನುಡಿ ಬರೆಸಿಬಿಡಿ, ಪುಸ್ತಕ ಆಗುತ್ತೆ" ಎಂದಳು.

ತಪ್ಪು ನನ್ನದಲ್ಲ, ಉದ್ಯೋಗದ್ದು. ಪಂಪುಗಳ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ನಾನು ತಪಾಸಣೆಯವನು. ತಯಾರಾದ ಮಾಲು ಹೊರಗೆ ಹೋಗುವ ಮುಂಚೆ ಎಲ್ಲಿ ಬಿರುಕಿದೆ, ಎಲ್ಲಿ ಬಿರುಕು ಬಿಡಬಹುದು ಎಂದು ಬರೆಯುವುದು ಕೆಲಸ. ಕಂಪನಿ ಮೈಸೂರಿನ ಘಟಕ ಮುಚ್ಚಿ ನಮ್ಮನ್ನು ಬೆಳಗಾವಿಯ ಆಟೋ ನಗರಕ್ಕೆ ಕಳಿಸಿತು. ಸುಮಿತ್ರ ಶಾಲೆಯಲ್ಲಿ ಟೀಚರು, ಮಗಳಿಗೆ ಇನ್ನೆರಡು ವರ್ಷ ಕಾಲೇಜು. ಹಾಗಾಗಿ ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಒಂದು ಕುಕ್ಕರು, ಎರಡು ಕೊಡೆ ಹಿಡಿದುಕೊಂಡು ಬ್ರಹ್ಮಚಾರಿಯಾದೆ.

ಮನೆ ಸಿಕ್ಕಿದ್ದು ಊರಿನ ಇನ್ನೊಂದು ತುದಿಯ ವಡಗಾವಿಯಲ್ಲಿ, ಒಂದು ಮಹಡಿ. ಅದನ್ನು ನಾನು ಎರಡು ಗಂಟೆ ತಪಾಸಣೆ ಮಾಡಿದೆ. ನಲ್ಲಿ ತಿರುಗಿಸಿದೆ, ಸ್ವಿಚ್ಚು ಒತ್ತಿದೆ, ಸೂರಿನ ಮೂಲೆಗೆ ಬ್ಯಾಟರಿ ಬಿಟ್ಟು ನೋಡಿದೆ. ಮನೆಯ ಮಾಲೀಕರು ಶಂಕ್ರೆಪ್ಪನವರು ಬಾಗಿಲಲ್ಲಿ ನಿಂತು, "ಗ್ವಾಡಿ ಬಡದ ನೋಡ್ರಿ, ಹಂಗ ಒಂದ್ಸಲ ಒದ್ದೂ ನೋಡ್ರಿ" ಎಂದರು. ಗೋಡೆಯೇನೋ ಗಟ್ಟಿಯಾಗಿತ್ತು. ಆದರೆ ನಾನು ಮನೆ ನೋಡಿದ ದಿನ ಮಗ್ಗಗಳಿಗೆ ವಾರದ ರಜೆ.

ಮರುದಿನ ಬೆಳಗ್ಗೆ ಏಳಕ್ಕೆ ರೈಲೊಂದು ಹಳಿ ತಪ್ಪಿ ಮನೆಯೊಳಗೆ ನುಗ್ಗಿತು ಎಂದುಕೊಂಡೆ. ಮಂಚ ಅಲುಗಾಡಿತು. ಗೂಡಿನಲ್ಲಿಟ್ಟ ಲೋಟ ತಾನೇ ನಡೆದು ಅಂಚಿಗೆ ಬಂತು. ದಾಖಲೆಪತ್ರಗಳ ಚೀಲ ಬಗಲಲ್ಲಿಟ್ಟುಕೊಂಡು ಲುಂಗಿಯಲ್ಲೇ ಕೆಳಗೆ ಓಡಿದೆ. ನನ್ನ ಮಂಚದ ನೇರ ಕೆಳಗೆ ನಾಲ್ಕು ಪವರ್ ಲೂಮು ಖಟ್ ಖಟಾಖಟ್ ಎಂದು ಸೀರೆ ನೇಯುತ್ತಿದ್ದವು. ಎದುರು ಮನೆಯಲ್ಲಿ ಆರು, ಬಾಜೂ ಮನೆಯಲ್ಲಿ ನಾಲ್ಕು, ಗಲ್ಲಿಯ ಕೊನೆಯವರೆಗೂ ಹೀಗೆಯೇ.

"ಬರ್ರಿ ಸರ, ಚಹಾ ಆತೇನು?" ಎಂದು ಶಂಕ್ರೆಪ್ಪನವರು ಒದರಿದರು.

"ಏನಿದು ಶಬ್ದ!" ನಾನೂ ಒದರಿದೆ.

ಅವರು ಕೈಯನ್ನು ಕಿವಿಗೆ ಹಚ್ಚಿ ಎರಡು ಸಲ ಕೇಳಿಸಿಕೊಂಡರು. ಆಮೇಲೆ ಸುತ್ತಲೂ ನೋಡಿ, ತೀರ ಪ್ರಾಮಾಣಿಕವಾಗಿ, "ಯಾವ ಶಬ್ದರಿ?" ಎಂದರು.

ಆ ಕ್ಷಣದಲ್ಲಿ ನನಗೆ ಬರೀ ನಗು ಬಂತು. ಮೂವತ್ತೈದು ವರ್ಷ ಮಗ್ಗದ ಮಧ್ಯೆ ನಿಂತ ಮನುಷ್ಯನ ಕಿವಿ ಎಷ್ಟು ಉಳಿದಿರುತ್ತದೆ ಎಂದು ಯೋಚಿಸಲಿಲ್ಲ. ಬಿರುಕು ಹುಡುಕುವವನಿಗೆ ಅದು ಕಾಣಲಿಲ್ಲ.

ಮೊದಲ ತಿಂಗಳು ಕಿವಿಗೆ ಹತ್ತಿ ಇಟ್ಟುಕೊಂಡು ಬದುಕಿದೆ. ಎರಡನೆಯ ತಿಂಗಳು ಹತ್ತಿ ತೆಗೆದೆ. ಮೂರನೆಯ ತಿಂಗಳು ರಜೆಯ ದಿನ ಶಬ್ದವಿಲ್ಲದೆ ಎಚ್ಚರವಾಗಿ, ಏನೋ ಅನಾಹುತವಾಗಿದೆ ಎಂದು ಮತ್ತೆ ಚೀಲ ಹಿಡಿದು ಕೆಳಗೆ ಓಡಿದೆ.

ಮೈಸೂರಿನಲ್ಲಿ ದನಿ ಎತ್ತರಿಸಿದರೆ ಜಗಳ ಎಂದರ್ಥ. ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ, ಹಾಕಿಕೊಂಡು ಅದರ ಸಂದಿಯಲ್ಲಿ ನಿಲ್ಲುತ್ತಾರೆ. ವಡಗಾವಿಯಲ್ಲಿ ದನಿ ಎತ್ತರಿಸದಿದ್ದರೆ ಸಾರಿಗೆ ಉಪ್ಪೂ ಸಿಗದು. ಪ್ರೀತಿ, ಹಾಲಿನ ಲೆಕ್ಕ, ಮಗಳ ಸಂಬಂಧದ ಮಾತು, ಎಲ್ಲವೂ ಇಲ್ಲಿ ಒಂದೇ ಎತ್ತರದಲ್ಲಿ. ಶಂಕ್ರೆಪ್ಪನವರ ಹೆಂಡತಿ ಕಸ್ತೂರೆಕ್ಕ ನನಗೆ ಬಿಸಿ ರೊಟ್ಟಿ ಕೊಡುವಾಗ "ತಿನ್ರೀ!" ಎನ್ನುವುದನ್ನು ಮೊದಲ ಸಲ ಕೇಳಿದವರು ಆಕೆ ನನ್ನನ್ನು ಪೊಲೀಸರಿಗೆ ಒಪ್ಪಿಸುತ್ತಿದ್ದಾಳೆ ಎಂದುಕೊಳ್ಳಬೇಕು. ನಾನೂ ಕಲಿತೆ. ಫೋನಿನಲ್ಲಿ ಸುಮಿತ್ರ, "ಸ್ವಲ್ಪ ದೂರ ಹಿಡ್ಕೊಂಡಿದೀನಿ, ಈಗ ಹೇಳಿ" ಎನ್ನತೊಡಗಿದಳು.

ಭಾಷೆಯ ಬಗ್ಗೆ ನಾನು ಪಟ್ಟಿಯಲ್ಲಿ ಬರೆದದ್ದೆಲ್ಲ ಸುಳ್ಳಾಯಿತು. ತರಕಾರಿಯವಳು ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ತೂಗಿ ಹಿಂದಿಯಲ್ಲಿ ಕೊತ್ತಂಬರಿ ಕೊಸರು ಹಾಕುತ್ತಾಳೆ. ನಾನು ಬಾಯಿ ತೆರೆದ ಕೂಡಲೆ, "ಮೈಸೂರ ಕಡಿಯವರೇನ್ರಿ? ಎಷ್ಟ ಮೆತ್ತಗ ಮಾತಾಡ್ತೀರಿ, ಹಾಸಿಗಿ ಹಾಸಿದಂಗ" ಎನ್ನುತ್ತಾಳೆ. ಹಲ್ಲು ಗಟ್ಟಿಯಾಗಿಯೇ ಇದೆ. ಕಾಫಿ ಮಾತ್ರ ಸಿಗುವುದಿಲ್ಲ. ಅದನ್ನು ಕಾಫಿ ಎಂದು ಕರೆದು ಕೊಡುವವರ ಮೇಲೆ ನನಗೆ ಕೋಪವಿಲ್ಲ, ಕನಿಕರವಿದೆ.

ಒಂಟಿತನದ ವಿಷಯ ಹೇಳಬೇಕು. ಸಂಜೆ ಆರರಿಂದ ಎಂಟು ಕಷ್ಟ. ಊರಿನಲ್ಲಾದರೆ ಆ ಹೊತ್ತಿಗೆ ಮನೆಯಲ್ಲಿ ಯಾರಾದರೂ ನನ್ನನ್ನು ಬಯ್ಯುತ್ತಿರುತ್ತಾರೆ. ಇಲ್ಲಿ ಬಯ್ಯುವವರಿಲ್ಲದೆ ಕೆಳಗೆ ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದೆ. ಶಂಕ್ರೆಪ್ಪನವರು ಚಹಾ ತರಿಸುತ್ತಿದ್ದರು. ವಾರಕ್ಕೊಂದು ದಿನ ಅವರ ಭಜನಾ ಮೇಳ. ಅದರಲ್ಲಿ ಅವರದು ಹಾರ್ಮೋನಿಯಂ. ನನ್ನನ್ನೂ ಕರೆದೊಯ್ದು ತಾಳ ಕೊಟ್ಟರು. ಎರಡು ವಾರದ ಮೇಲೆ ತಾಳ ವಾಪಸು ಪಡೆದು, "ನೀವು ಚಪ್ಪಾಳಿ ಹೊಡೀರಿ ಸರ, ಅದೂ ಸಾವಕಾಶ" ಎಂದರು.

ಹೋದ ಮಳೆಗಾಲದಲ್ಲಿ ಅವರು ಭಜನೆಗೆ ಹೋಗುವುದು ನಿಲ್ಲಿಸಿದರು.

ಆದದ್ದಿಷ್ಟು. ಮೇಳದವರು ಸ್ವರ ಏರಿಸಿದ್ದು ಅವರಿಗೆ ಕೇಳಿಸಿರಲಿಲ್ಲ. ಹಳೆಯ ಸ್ವರದಲ್ಲೇ ಅರ್ಧ ಭಜನೆ ನುಡಿಸಿದರು, ಎಲ್ಲರೂ ನಕ್ಕರು. ಯಾರದೂ ಕೆಟ್ಟ ನಗೆಯಲ್ಲ, ನಾನೂ ನಕ್ಕಿದ್ದೆ. ಅವರು ಪೆಟ್ಟಿಗೆ ಮುಚ್ಚಿ ಎದ್ದು ಬಂದರು. ಆಮೇಲೆ ಕಟ್ಟೆಗೆ ಬರುವುದು ಕಡಿಮೆಯಾಯಿತು. ನಾಲ್ಕು ಜನ ಮಾತಾಡುವಲ್ಲಿ ಅವರಿಗೆ ಏನೂ ತಿಳಿಯುತ್ತಿರಲಿಲ್ಲ, "ಏನಂದ್ರಿ" ಎಂದು ಎಷ್ಟು ಸಲ ಕೇಳುವುದು? ಅವರು ತಿನ್ನುವ ರೊಟ್ಟಿ ನಾಲ್ಕರಿಂದ ಒಂದಕ್ಕಿಳಿಯಿತು. ಕಸ್ತೂರೆಕ್ಕನಿಗೆ ಯಾವ ನೂಲು ಯಾರಿಂದ ತರಿಸಬೇಕು, ಮಗ್ಗ ರಿಪೇರಿಗೆ ಯಾರನ್ನು ಕರೆಯಬೇಕು ಎಂದು ಒಂದೊಂದಾಗಿ ಹೇಳಿಕೊಡತೊಡಗಿದರು. "ಈಗ್ಯಾಕ್ರಿ ಇದೆಲ್ಲಾ?" ಎಂದು ಆಕೆ ಕೇಳಿದರೆ, "ಗೊತ್ತಿರ್ಲಿ" ಎನ್ನುತ್ತಿದ್ದರು.

ಒಂದು ಭಾನುವಾರ ಹಾರ್ಮೋನಿಯಂ ಹೊತ್ತು ನನ್ನ ಮಹಡಿ ಹತ್ತಿ ಬಂದರು.

"ಇದು ನಿಮಗ ಇರ್ಲಿ ಸರ. ಒಬ್ರ ಇರ್ತೀರಿ, ಬಾರಸ್ಕೋಂತ ಕುಂದರ್ರಿ."

"ನನಗೆ ಬರೋದಿಲ್ವಲ್ಲ!"

"ನನಗರ ಏನ ಬರತೈತಿ ಈಗ?" ಎಂದು ನಕ್ಕು ಇಳಿದುಹೋದರು.

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಧ್ಯಾಹ್ನವೆಲ್ಲ ನನಗೆ ಹಿಗ್ಗೋ ಹಿಗ್ಗು. ಊರಿನಲ್ಲಿ ಇಷ್ಟು ವರ್ಷ ಇದ್ದರೂ ಯಾರೂ ಒಂದು ಕೊಳಲೂ ಕೊಟ್ಟಿರಲಿಲ್ಲ. ಸಂಜೆಯಾದಾಗ ನನ್ನೊಳಗಿನ ತಪಾಸಣೆಯವನು ತಲೆಯೆತ್ತಿದ. ಉಣ್ಣುವುದು ಕಡಿಮೆ. ಜನರ ಮಧ್ಯೆ ಬರುವುದಿಲ್ಲ. ಹೆಂಡತಿಗೆ ಎಲ್ಲ ಒಪ್ಪಿಸುತ್ತಿದ್ದಾರೆ. ಜೀವಕ್ಕಿಂತ ಹೆಚ್ಚಾಗಿ ಇಟ್ಟುಕೊಂಡಿದ್ದ ಪೆಟ್ಟಿಗೆಯನ್ನು, ಚಪ್ಪಾಳೆಯನ್ನೂ ಸರಿಯಾಗಿ ಹೊಡೆಯಲು ಬಾರದವನಿಗೆ ಕೊಟ್ಟರು. ಕಾರ್ಖಾನೆಯಲ್ಲಾದರೆ ಈ ನಾಲ್ಕು ಗುರುತು ಒಂದೇ ಮಾಲಿನ ಮೇಲೆ ಕಂಡರೆ ತಯಾರಿಕೆಯ ಸಾಲನ್ನೇ ನಿಲ್ಲಿಸುತ್ತೇನೆ.

ಸುಮಿತ್ರಳಿಗೆ ಫೋನ್ ಮಾಡಿದೆ. ಅವಳು ನಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ನನ್ನ ಆತಂಕಗಳಿಗೆ ಅವಳು ಯಾವತ್ತೂ ನಗುವವಳು.

"ಕೇಳಿಬಿಡಿ ಅವರನ್ನ" ಎಂದಳು.

"ಏನಂತ?"

"ಸಾಯ್ಬೇಕು ಅನ್ನಿಸ್ತಿದೆಯಾ ಅಂತ."

"ಹಂಗೆ ಕೇಳೋಕಾಗುತ್ತೇನೇ? ಇಲ್ಲದ ಯೋಚನೆ ನಾನೇ ತಲೆಗೆ ಹಾಕ್ದಂಗಾದ್ರೆ?"

"ನಮ್ಮ ಶಾಲೇಲಿ ಟ್ರೇನಿಂಗ್ ಕೊಟ್ಟಾಗ ನಾನೂ ಇದೇ ಕೇಳಿದ್ದೆ. ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ ಅಂದ್ರು. ಇದ್ರೆ ಹೇಳ್ಕೊಳ್ಳೋಕೆ ದಾರಿ ಆಗುತ್ತಂತೆ. ಸುತ್ತಿ ಬಳಸಿ ಬೇಡ, ನೇರ ಕೇಳಿ. ಹೌದು ಅಂದ್ರೆ ಉಪದೇಶ ಮಾಡ್ಬೇಡಿ, ಕೇಳಿಸ್ಕೊಳ್ಳಿ. ಒಬ್ರನ್ನೇ ಬಿಡ್ಬೇಡಿ. ಡಾಕ್ಟರ ಹತ್ರ ಕರ್ಕೊಂಡ್ಹೋಗಿ." ಆಮೇಲೆ, "ನಿಮಗೆ ಕಷ್ಟ ಆಗ್ಬಾರ್ದು. ಪ್ರಪಂಚದಲ್ಲಿರೋ ಕೆಟ್ಟದ್ದನ್ನೆಲ್ಲ ದಿನಾ ಯೋಚಿಸ್ತೀರಿ, ಒಂದನ್ನ ಬಾಯಿಬಿಟ್ಟು ಕೇಳಿ" ಎಂದಳು.

ಕೇಳುವುದು ಕಷ್ಟವೇ ಆಯಿತು. ಸೋಮವಾರ ಬೆಳಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಕೆಳಗಿಳಿದು, ಗಂಭೀರವಾಗಿ ಮುಖ ಮಾಡಿಕೊಂಡು, "ಶಂಕ್ರೆಪ್ಪನವರೇ, ಮಳೆ ಜಾಸ್ತಿ ಅಲ್ವಾ" ಎಂದೆ. ಅವರು ಹೌದೆಂದರು. ಮಧ್ಯಾಹ್ನ ಕಂಪನಿಯಿಂದ ಬೇಗ ಬಂದು, "ಊಟ ಆಯ್ತಾ" ಎಂದೆ. ಆಯಿತೆಂದರು. ನಮ್ಮ ಕಡೆ "ತಿಂಡಿ ಆಯ್ತಾ" ಎನ್ನುತ್ತೇವೆ, ಇಲ್ಲಿ "ಆರಾಮ ಅದೀರಿ" ಎನ್ನುತ್ತಾರೆ. ಎರಡೂ ಕಡೆ ಉತ್ತರಕ್ಕೆ ಕಾಯುವ ಪದ್ಧತಿ ಇಲ್ಲ.

ಸಂಜೆ ನಾಲ್ಕಕ್ಕೆ ಇನ್ನು ತಡೆಯಲಾಗದೆ ಮಗ್ಗದ ಕೋಣೆಗೇ ಹೋದೆ. ನಾಲ್ಕೂ ಮಗ್ಗ ಓಡುತ್ತಿದ್ದವು. ಗಲ್ಲಿಯಲ್ಲಿ ಎಲ್ಲ ಮನೆಗಳ ಮಗ್ಗಗಳೂ ಓಡುತ್ತಿದ್ದವು. ಒಂದು ರೀತಿಯಲ್ಲಿ ಒಳ್ಳೆಯದೇ, ಈ ಗದ್ದಲದಲ್ಲಿ ಮೂರನೆಯವರಿಗೆ ಕೇಳಿಸುವುದಿಲ್ಲ, ಇದಕ್ಕಿಂತ ಗುಟ್ಟಾದ ಜಾಗ ಬೆಳಗಾವಿಯಲ್ಲೇ ಇಲ್ಲ ಎಂದು ಲೆಕ್ಕ ಹಾಕಿದೆ. ಅವರು ಕಡಿದ ಎಳೆಯೊಂದನ್ನು ಗಂಟು ಹಾಕುತ್ತ ಬಗ್ಗಿದ್ದರು. ಕಿವಿಯ ಹತ್ತಿರ ಹೋಗಿ ಕೇಳಿದೆ. ಕೇಳಿಸಲಿಲ್ಲ. ದನಿ ಏರಿಸಿದೆ. "ಏನ್ರಿ?" ಎಂದರು. ನನ್ನ ಒಂದು ವರ್ಷದ ವಡಗಾವಿ ತರಬೇತಿಯನ್ನೆಲ್ಲ ಒಟ್ಟುಗೂಡಿಸಿ, ಎದೆ ತುಂಬ ಗಾಳಿ ಎಳೆದುಕೊಂಡು ಒದರಿದೆ:

"ಶಂಕ್ರೆಪ್ಪನವರೇ, ನಿಮಗೆ..."

ಅಷ್ಟರಲ್ಲಿ ಕರೆಂಟು ಹೋಯಿತು.

ಮಗ್ಗದ ಗಲ್ಲಿಯಲ್ಲಿ ಕರೆಂಟು ಹೋದರೆ ಹೇಗಿರುತ್ತದೆ ಎಂದು ನೀವು ಒಮ್ಮೆ ಬಂದು ನೋಡಬೇಕು. ನೂರಾರು ಮಗ್ಗ ಒಟ್ಟಿಗೆ ನಿಲ್ಲುತ್ತವೆ. ಮಾತಾಡುತ್ತಿದ್ದವರಿಗೆ ತಕ್ಷಣ ಬಾಯಿ ನಿಲ್ಲಿಸಲಾಗದು; ಹುಟ್ಟಿ ಬೆಳೆದವರೇ ಎರಡು ಶಬ್ದ ಒದರಿಯೇ ನಿಲ್ಲುತ್ತಾರೆ. ನಾನು ಇಡೀ ವಾಕ್ಯ ಒದರಿದೆ.

"...ಸಾಯಬೇಕು ಅಂತ ಅನ್ನಿಸ್ತಿದೆಯಾ?"

ಗಲ್ಲಿಯ ಆ ತುದಿಯಲ್ಲಿ ಯಾರದೋ ಕೈಯಿಂದ ಪಾತ್ರೆ ಬಿತ್ತು. ಆಮೇಲೆ ಏನೂ ಇಲ್ಲ. ಮಳೆಯೂ ನಿಂತಂತಿತ್ತು. ನನಗೆ ಅನ್ನಿಸಿದ್ದನ್ನೇ ಹೇಳುವುದಾದರೆ, ಕೂಡಲೇ ಟ್ರಂಕು ಕಟ್ಟಿ ನಿಲ್ದಾಣಕ್ಕೆ ಹೋಗಬೇಕು ಅನ್ನಿಸಿತು. ಒಬ್ಬ ಮನುಷ್ಯನ ಒಳಗಿನ ಮಾತನ್ನು ನಲವತ್ತು ಮನೆಗೆ ಸಾರಿಬಿಟ್ಟೆನಲ್ಲ.

ಶಂಕ್ರೆಪ್ಪನವರು ಎಳೆ ಬಿಡಲಿಲ್ಲ. ಗಂಟು ಮುಗಿಸಿದರು. ಮಗ್ಗದ ಹಲಗೆಯ ಮೇಲೆ ಕುಳಿತರು.

"ನೀವು ಬಂದಾಗಿಂದ ನೀವು ಆಡಿದ್ದು ಪೂರ್ತಿ ಕೇಳ್ಸಿದ್ದು ಇದೊಂದ ಮಾತ ನೋಡ್ರಿ" ಎಂದರು. ಆಮೇಲೆ ನೆಲ ನೋಡುತ್ತ, "ಹೂನ್ರಿ. ಅನಸ್ತೈತಿ" ಎಂದರು.

ನನ್ನ ತಲೆಯೊಳಗೆ ಉಪದೇಶಗಳು ಸಾಲಾಗಿ ಎದ್ದು ನಿಂತವು. ಛೇ ಛೇ, ಹಾಗೆಲ್ಲ ಅನ್ನಬಾರದು, ನಿಮಗೇನು ಕಡಿಮೆ, ಹೆಂಡತಿಯ ಮುಖ ನೋಡಿ. ಒಂದನ್ನೂ ಆಡದೆ ನುಂಗಿದೆ. ಪಕ್ಕದಲ್ಲಿ ಕುಳಿತು, "ಹೇಳಿ" ಎಂದೆ.

ಅವರು ಹೇಳಿದರು. ಮಗ್ಗ ನಿಂತಿದ್ದರಿಂದ ಅವರ ಕಿವಿಯ ಹತ್ತಿರ ಬಾಯಿಟ್ಟರೆ ಸಾಕಾಗಿ ಇಬ್ಬರೂ ಸಣ್ಣ ದನಿಯಲ್ಲಿ ಮಾತಾಡಿದೆವು, ಆ ಗಲ್ಲಿಯಲ್ಲಿ ನನ್ನ ಮೊದಲ ಸಣ್ಣ ದನಿಯ ಮಾತುಕತೆ ಅದು. ಮನೆಯಲ್ಲಿ ತಾನೊಂದು ಕಂಬದ ಹಾಗೆ ಇದ್ದೇನೆ ಎಂದರು. ಎಲ್ಲರೂ ನಗುವಾಗ ಯಾಕೆಂದು ತಿಳಿಯದೆ ತಾನೂ ನಗಬೇಕು, ಆಮೇಲೆ ಅದು ತನ್ನ ಮೇಲಿನ ನಗುವೋ ಎಂದು ಇಡೀ ದಿನ ಯೋಚಿಸಬೇಕು. "ಇದ್ದರ ಒಬ್ರಿಗೆ ತ್ರಾಸ, ಇಲ್ಲಂದ್ರ ಸುಮ್ಮಾಗ್ತಾರ" ಎಂದರು. ಏನಾದರೂ ಮಾಡಿಕೊಳ್ಳಬೇಕೆಂದು ಯೋಚಿಸಿಟ್ಟಿದ್ದೀರಾ ಎಂದು ಕೇಳಿದೆ, ಒಮ್ಮೆ ಬಾಯಿ ತೆರೆದ ಮೇಲೆ ಎರಡನೆಯದು ಸುಲಭ. ಹೇಳಿದರು. ಅದನ್ನಿಲ್ಲಿ ಬರೆಯುವುದಿಲ್ಲ. ಅದಕ್ಕೆಂದು ತೆಗೆದಿಟ್ಟಿದ್ದ ವಸ್ತು ಅವತ್ತೇ ಮನೆಯಿಂದ ಹೊರಗೆ ಹೋಯಿತು, ಅಷ್ಟು ಸಾಕು.

ತಲೆಯೆತ್ತಿದರೆ ಕಸ್ತೂರೆಕ್ಕ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ನನಗೂ ಸಂಶೆ ಇತ್ರಿ" ಎಂದರು ಗಂಡನಿಗೆ. "ಕೇಳಿದ್ರ ಖರೇ ಆಕ್ಕೈತಿ ಅಂತ ಅಂಜಿ ಕೇಳ್ಲಿಲ್ಲ. ದಿನಾ ರೊಟ್ಟಿ ಎಣಿಸ್ತಿದ್ನಿ."

ಎದುರು ಮನೆಯ ಕಿಟಕಿಯಿಂದ ಹುಸೇನಬಿ ಚಾಚಿ ಕೂಗಿದರು. ಎಪ್ಪತ್ತು ದಾಟಿದ ಆಕೆ ಈಗಲೂ ಕಂಡಿಕೆ ಸುತ್ತುತ್ತಾರೆ, ಅಂದರೆ ಲಾಳಿಯೊಳಗೆ ಕೂರುವ ನೂಲಿನ ಉರುಳೆ. ಗಲ್ಲಿಗೆಲ್ಲ ಅವರೇ ನ್ಯಾಯಾಧೀಶೆ.

"ಅರೇ ಶಂಕ್ರೆಪ್ಪ ಭಾಯಿ! ನಾ ಏನ ಕದ್ದ ಕೇಳ್ಲಿಲ್ಲ, ಸರನ ಗಂಟಲಾನ ಹಂಗ ಐತಿ. ನಮ್ಮವರು ತೀರಿಕೊಂಡ ವರ್ಷ ನನಗ ಭೀ ಹಿಂಗ ಆಗಿತ್ತ. ಯಾರೂ ಕೇಳ್ಲಿಲ್ಲ ನೋಡ. ಬಿರ್ಯಾನಿ ತಂದ್ರು, ಕೇಳ್ಲಿಲ್ಲ."

"ನೀವು ಹೇಳ್ಲಿಲ್ಲಲ್ಲ ಚಾಚಿ!" ಎಂದರು ಕಸ್ತೂರೆಕ್ಕ.

"ಹೆಂಗ ಹೇಳ್ಲಿ? ಮಗ್ಗ ಹೊಂಟಿದ್ದು!"

ಶಂಕ್ರೆಪ್ಪನವರು ನಕ್ಕರು. ಅಳುತ್ತಲೂ ಇದ್ದರು. ಚಾಚಿ ಕಿಟಕಿಯಿಂದಲೇ ಉಳಿದ ಮನೆಗಳಿಗೆ ತೀರ್ಪು ಕೊಟ್ಟರು: "ಈ ಮಾತ ಗಲ್ಲಿ ದಾಟಿದ್ರ ನೋಡ್ರಿ ಮತ್ತ!" ದಾಟಲಿಲ್ಲ. ಈಗ ನಾನು ಬರೆಯುತ್ತಿರುವುದೂ ಕೇಳಿಯೇ. "ಬರೀರಿ ಸರ, ಓದಿ ಒಬ್ರರ ಬಾಯಿ ಬಿಡ್ಲಿ. ಆದ್ರ ನಮ್ಮ ಸೀರಿ ಭಾಳ ಚಲೋ ಇರ್ತಾವ ಅಂತನೂ ಬರೀರಿ" ಎಂದಿದ್ದಾರೆ ಶಂಕ್ರೆಪ್ಪನವರು. ಬಹಳ ಚೆನ್ನಾಗಿರುತ್ತವೆ. ಸುಮಿತ್ರಳಿಗೆ ಎರಡು ಒಯ್ದಿದ್ದೇನೆ.

ಮರುದಿನ ಸರ್ಕಾರಿ ಆಸ್ಪತ್ರೆಗೆ ಹೋದೆವು. ಮನಸ್ಸಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೇಗೆ ಬಂದಿರಿ ಎಂದು ಕೇಳಿದಾಗ ಶಂಕ್ರೆಪ್ಪನವರು ನನ್ನ ಕಡೆ ಬೆರಳು ತೋರಿಸಿ, "ಇವ್ರು ಒದರಿದ್ರಿ" ಎಂದರು. "ಒದರಿದ್ದ ಚಲೋ ಆತು" ಎಂದರು ಡಾಕ್ಟರು. ಗುಳಿಗೆ ಕೊಟ್ಟರು, ಗುಣ ಕಾಣಲು ಎರಡು ಮೂರು ವಾರ ಹಿಡಿಯುತ್ತದೆ, ನಡುವೆ ಬಿಡಬಾರದು ಎಂದರು. ಯಾವ ಹೊತ್ತಿಗೂ ಮಾತಾಡಬಹುದಾದ ಸರ್ಕಾರದ ಸಹಾಯವಾಣಿಯ ನಂಬರು ಬರೆದುಕೊಟ್ಟರು. ಕಸ್ತೂರೆಕ್ಕ ಅದನ್ನು ಮಗ್ಗದ ಕೋಣೆಯ ಗೋಡೆಗೆ ಅಂಟಿಸಿ, ಗೋಡೆಗೆ ಅಂಟಿದ ಎಲ್ಲದಕ್ಕೂ ಮಾಡುವಂತೆ ಅದಕ್ಕೂ ಅರಿಶಿನ ಕುಂಕುಮ ಹಚ್ಚಿದರು. ನನ್ನನ್ನು ಪಕ್ಕಕ್ಕೆ ಕರೆದು ಡಾಕ್ಟರು, "ಇದನ್ನ ನೀವೊಬ್ರ ಹೊರಬ್ಯಾಡ್ರಿ. ನಾಕ ಮಂದಿ ಹಂಚ್ಕೊಳ್ರಿ" ಎಂದರು. ನನ್ನ ಮುಖದಲ್ಲಿ ಏನು ಕಂಡರೋ.

ಹಂಚಿಕೊಳ್ಳುವುದನ್ನು ಗಲ್ಲಿಯವರು ತಮಗೆ ಗೊತ್ತಿದ್ದ ರೀತಿಯಲ್ಲೇ ಮಾಡಿದರು. ಮಗ್ಗಕ್ಕೆ ಪಾಳಿ ಇರುತ್ತದೆ, ಒಬ್ಬರು ಇಳಿದರೆ ಇನ್ನೊಬ್ಬರು ಹತ್ತಬೇಕು, ಮಗ್ಗ ಒಂಟಿಯಾಗಿ ಓಡಬಾರದು. ಚಾಚಿ ಶಂಕ್ರೆಪ್ಪನವರಿಗೂ ಪಾಳಿ ಹಚ್ಚಿದರು. ಬೆಳಗಿನ ಪಾಳಿ ಚಾಚಿಯದು, ಕಂಡಿಕೆ ಬುಟ್ಟಿ ಹೊತ್ತು ಇಲ್ಲಿಗೇ ಬಂದು ಕೂರುತ್ತಿದ್ದರು. ಮಧ್ಯಾಹ್ನದ್ದು ಭಜನಾ ಮೇಳದವರದು. ಅವರು ನಕ್ಕಿದ್ದಕ್ಕೆ ಕ್ಷಮೆ ಕೇಳಲು ಬಂದು, ಕೇಳಲು ನಾಚಿ, ಇಸ್ಪೀಟು ಆಡಿ ಹೋಗುತ್ತಿದ್ದರು. ಸಂಜೆ ಆರರಿಂದ ಎಂಟು ನನ್ನದು. ಆಮೇಲೆ ಕಸ್ತೂರೆಕ್ಕ. "ಕೈದಿ ಮಾಡಿಟ್ಟೀರಿ ನನ್ನ!" ಎಂದು ಶಂಕ್ರೆಪ್ಪನವರು ರೇಗುತ್ತಿದ್ದರು. ರೇಗಿದ ದಿನ ನಮಗೆ ಸಮಾಧಾನ. ಸುಮ್ಮನಿದ್ದ ದಿನಗಳೂ ಇದ್ದವು, ಗೋಡೆಗೆ ಮುಖ ಮಾಡಿ ಮಲಗಿದ ದಿನಗಳು. ಆಗ ಅವರ ಬೆನ್ನ ಹಿಂದೆ ಕುಳಿತು ನಾನು ದಿನಪತ್ರಿಕೆ ಓದುತ್ತಿದ್ದೆ. ಏನೂ ಮಾಡದೆ ಒಬ್ಬರ ಹತ್ತಿರ ಕೂರುವುದು ಇಷ್ಟು ದೊಡ್ಡ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ಕಿವಿಯ ಡಾಕ್ಟರು ಕೇಳಿಸುವ ಯಂತ್ರ ಬರೆದುಕೊಟ್ಟರು. ಅದನ್ನು ಹಾಕಿಕೊಂಡು ಆಸ್ಪತ್ರೆಯಿಂದ ಬಂದ ದಿನ ಮಗ್ಗದ ಕೋಣೆಯ ಬಾಗಿಲು ತೆರೆದವರೇ ಹಿಂದಕ್ಕೆ ಹಾರಿದರು. ಎರಡೂ ಕಿವಿ ಮುಚ್ಚಿಕೊಂಡು ನನ್ನ ಕಡೆ ತಿರುಗಿ, "ಇಷ್ಟ ಗದ್ದಲ ಐತೇನ್ರಿ ನಮ್ಮ ಮನಿಯಾಗ? ಇದರ ಮ್ಯಾಲ ನೀವ ಮಕ್ಕೊಂತೀರಿ? ಮೊದಲಽ ಹೇಳಬಾರದೇನ್ರಿ?" ಎಂದರು. ಈಗ ಮಗ್ಗದ ಹತ್ತಿರ ಯಂತ್ರ ತೆಗೆದಿಟ್ಟು, ಕಿವಿಗೆ ಮುಚ್ಚುಗೆ ಹಾಕಿಕೊಂಡು ಹೋಗುತ್ತಾರೆ, ಡಾಕ್ಟರ ಕಟ್ಟಪ್ಪಣೆ. ಹಾರ್ಮೋನಿಯಂ ನನ್ನ ಮಹಡಿಯಿಂದ ಇಳಿಯಿತು. ಒಂದು ತಿಂಗಳು ಅದನ್ನು ನಾನು ಮುಟ್ಟಿರಲಿಲ್ಲ, ಆದರೂ ಅವರು ತೆರೆದು ನೋಡಿ, "ಏನ ಮಾಡೀರಿ ಇದಕ್ಕ?" ಎಂದು ನನ್ನ ಮೇಲೆಯೇ ಹಾಕಿದರು.

ಮಳೆ ಇನ್ನೂ ಬಿಟ್ಟಿರಲಿಲ್ಲ. ಅವರ ತಂಗಿ ತಾರಾಬಾಯಿಯನ್ನು ಖಾನಾಪುರ ತಾಲೂಕಿಗೆ ಕೊಟ್ಟಿದ್ದಾರೆ, ಜಾಂಬೋಟಿಯ ಹತ್ತಿರ, ಗೋವೆಯ ಕಡೆಯ ಕಾಡಿನ ಸೆರಗಿನಲ್ಲಿ. ನಾಲ್ಕು ದಿನ ಅಲ್ಲಿಗೆ ಹೋಗೋಣವೆಂದು ಶಂಕ್ರೆಪ್ಪನವರೇ ಹೇಳಿದರು. ತಾವಾಗಿ ಏನನ್ನಾದರೂ ಬೇಕೆಂದದ್ದು ಅದೇ ಮೊದಲು, ನಾನು ರಜೆ ಹಾಕಿ ಜೊತೆಗೆ ಹೊರಟೆ. ಆ ಮನೆಯಲ್ಲಿ ಮರಾಠಿ. ತಾರಾಬಾಯಿ ಅಣ್ಣನೊಡನೆ ಕನ್ನಡ, ಗಂಡನೊಡನೆ ಮರಾಠಿ, ಎಮ್ಮೆಯೊಡನೆ ಎರಡೂ. ನನಗೆ "ಬಸಾ, ಬಸಾ" ಎಂದರು. ಬಸ್ಸಿಗೆ ತಡವಾಯಿತೇ ಎಂದು ನಾನು ಎದ್ದಿದ್ದರೆ ನನ್ನ ಮಾನ ಹೋಗುತ್ತಿತ್ತು. ಅದೃಷ್ಟಕ್ಕೆ ಅದು "ಕುಳಿತುಕೊಳ್ಳಿ" ಎಂದು ಆಗಲೇ ಕಲಿತಿದ್ದೆ. ಒಂದು ವರ್ಷದ ನನ್ನ ಮರಾಠಿ ವಿದ್ವತ್ತಿನಲ್ಲಿ ಅದು ಅರ್ಧ ಭಾಗ.

ಅಲ್ಲಿನ ಮೌನಕ್ಕೆ ಇಬ್ಬರೂ ನಿದ್ದೆಗೆಟ್ಟೆವು. ಮರುದಿನ ಭತ್ತದ ಗದ್ದೆಯ ಬದುವಿನಲ್ಲಿ ಕೊಡೆ ಹಿಡಿದು ನಿಂತಾಗ ಶಂಕ್ರೆಪ್ಪನವರು ತಲೆ ಓರೆ ಮಾಡಿ ಏನನ್ನೋ ಕೇಳುತ್ತಿದ್ದರು. ಕಪ್ಪೆಗಳು, ತಗಡಿನ ಮೇಲೆ ಮಳೆ, ದೂರದಲ್ಲಿ ಗಂಡನನ್ನು ಬಯ್ಯುತ್ತಿದ್ದ ತಾರಾಬಾಯಿ. ಇವರೇನೋ ದೊಡ್ಡ ಮಾತು ಹೇಳುತ್ತಾರೆ, ಬರೆದುಕೊಳ್ಳಬೇಕು ಎಂದು ನಾನು ಕಾದೆ.

"ಕಪ್ಪಿ ಭಾಳ ಒದರಾಕತ್ತಾವ ಸರ" ಎಂದರು. "ಮಷೀನ ಸಣ್ಣ ಮಾಡ್ತೀನಿ."

ಸಂಜೆ ತಾವೇ ತಾರಾಬಾಯಿಗೆ ಎಲ್ಲ ಹೇಳಿದರು. ನಾನು ಹಿತ್ತಿಲಿಗೆ ಹೋಗಿ ನಿಂತೆ. ಒಳಗೆ ಅಣ್ಣ ತಂಗಿ ಬಹಳ ಹೊತ್ತು ಮಾತಾಡಿದರು, ಆಮೇಲೆ ಆಕೆ ಹೊರಗೆ ಬಂದು, ನನ್ನನ್ನು ಊಟಕ್ಕೆ ಕೂರಿಸಿ, ನನ್ನ ತಟ್ಟೆಗೆ ಮೂರು ಭಕ್ರಿ, ಅಂದರೆ ಅಲ್ಲಿನ ಅಕ್ಕಿ ರೊಟ್ಟಿ, ಹಾಕಿದರು.

ಚಳಿಗಾಲದ ಹೊತ್ತಿಗೆ ಪಾಳಿ ಸಡಿಲವಾಯಿತು. ಗುಳಿಗೆ ಮುಂದುವರಿದಿದೆ, ಡಾಕ್ಟರ ಭೇಟಿ ತಿಂಗಳಿಗೊಮ್ಮೆ. ಕೆಟ್ಟ ದಿನ ಈಗಲೂ ಬರುತ್ತದೆ. ಬಂದರೆ ತಾವೇ ಮಹಡಿಯ ಮೆಟ್ಟಿಲ ಮೇಲೆ ಕುಳಿತು, "ಇವತ್ತ ಸರಿ ಇಲ್ರಿ" ಎನ್ನುತ್ತಾರೆ. ನಾನು ಚಹಾ ಇಡುತ್ತೇನೆ. ನಿಜ ಹೇಳಬೇಕೆಂದರೆ ಅದು ಕಾಫಿ, ನಾನು ಮೈಸೂರಿನಿಂದ ತಂದ ಪುಡಿ. ಮುಖ ಕಿವುಚಿಕೊಂಡು ಕುಡಿಯುತ್ತಾರೆ.

ಸಂಕ್ರಾಂತಿಗೆ ಹತ್ತು ದಿನ ಊರಿಗೆ ಹೊರಟೆ. ಹೊರಡುವ ಮುಂಚೆ ಏನೇನು ಆಗಬಹುದೆಂದು ನಾನು ಯೋಚಿಸಿದ್ದನ್ನು ನೀವು ಊಹಿಸಿಕೊಳ್ಳಬಹುದು. ಶಂಕ್ರೆಪ್ಪನವರೇ ದಾರಿ ತೋರಿದರು. ದಿನಾ ಸಂಜೆ ಆರಕ್ಕೆ ನಾನು ಫೋನ್ ಮಾಡುವುದು, ಪಾಳಿ ತಪ್ಪಿಸಬಾರದು.

ಮೈಸೂರು ತಣ್ಣಗೆ ಸುಂದರವಾಗಿತ್ತು. ನನ್ನ ಕಾಫಿ, ನನ್ನ ಕುರ್ಚಿ, ನನ್ನನ್ನು ಬಯ್ಯಲು ಹೆಂಡತಿ ಮಗಳು ಇಬ್ಬರು. ಆದರೆ ಮನೆ ಏನನ್ನೋ ಕಾಯುತ್ತಿರುವಂತೆ ಸದ್ದಿಲ್ಲದೆ ಇತ್ತು. ಪಕ್ಕದ ಮನೆಯ ಹಿರಿಯರಿಗೆ "ಆರಾಮ ಅದೀರಿ?" ಎಂದುಬಿಟ್ಟೆ, ಅವರು ಗಾಬರಿಯಿಂದ ಕನ್ನಡಕ ತೆಗೆದು ನೋಡಿದರು. "ನಮ್ಮನೇಲಿ..." ಎಂದು ನಾನು ಶುರುಮಾಡಿದರೆ ಮಗಳು "ಯಾವ ಮನೇಪ್ಪಾ?" ಎನ್ನುತ್ತಿದ್ದಳು. ಎರಡು ಸಲ ಉತ್ತರಿಸಲು ತಡವಾಯಿತು. ವಡಗಾವಿಯಲ್ಲಿ ಮೈಸೂರಿನವನು, ಮೈಸೂರಿನಲ್ಲಿ ವಡಗಾವಿಯವನು. ಎರಡೂ ಕಡೆ ನನ್ನನ್ನು ಅನುಕರಿಸಿ ನಗಿಸುವವರು ತಯಾರಾಗಿದ್ದಾರೆ.

ಐದನೆಯ ದಿನ ಸುಮಿತ್ರಳ ಜೊತೆ ಎಳ್ಳು ಬೆಲ್ಲದ ಸಾಮಾನಿಗೆ ಮಾರುಕಟ್ಟೆಗೆ ಹೋದೆ. ವಾಪಸು ಬಂದಾಗ ಎಂಟು. ಒಳಕೋಣೆಯಿಂದ ಫೋನು ಕೂಗುತ್ತಿತ್ತು. ತಪ್ಪಿದ ಕರೆ ಮೂವತ್ತೊಂದು. ಎತ್ತಿದೆ.

"ಸರ! ಎಲ್ಲಿ ಹೋಗಿದ್ರಿ!" ಶಂಕ್ರೆಪ್ಪನವರ ದನಿ. ಅಡುಗೆಮನೆಗೆ ಹೋಗಿದ್ದ ಸುಮಿತ್ರಳಿಗೂ ಕೇಳಿಸಿತು. "ಎರಡ ತಾಸಿನಿಂದ ಜೀವ ಕೈಯಾಗ ಹಿಡಕೊಂಡ ಕುಂತೀನ್ರಿ. ಬಚ್ಚಲದಾಗ ಬಿದ್ರೋ, ಗಾಡಿ ಬಡೀತೋ, ಊರ ಬಿಟ್ಟ ಒಬ್ರ ಇದ್ದ ಇದ್ದ ನಿಮಗಽ ಮನಸಿಗೆ ಏನರ ಆತೋ! ಊಟ ಮಾಡಿಲ್ಲ ನಾ. ಚಾಚಿನೂ ಇಲ್ಲೇ ಕುಂತಾರ. ಖರೇ ಹೇಳ್ರಿ, ಹೆಂಗ ಅದೀರಿ?"

ಆ ಇಬ್ಬರನ್ನೂ ಉಣ್ಣಲು ಕಳಿಸುವಷ್ಟರಲ್ಲಿ ಒಂಬತ್ತಾಯಿತು. ಸುಮಿತ್ರ ಇಡೀ ಹೊತ್ತು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು.

"ಇನ್ನೊಬ್ರನ್ನ ನಿಮ್ಮ ಥರಾನೇ ಮಾಡಿಟ್ಟಿದೀರಲ್ಲ" ಎಂದಳು.

ನಾನು ಹೆದರಿದ್ದು, ಅವರು ಹೆದರಿದ್ದು, ಇಷ್ಟರಲ್ಲಿ ನಿಜಕ್ಕೂ ಕೆಟ್ಟದ್ದು ಒಂದೇ, ಅದು ಯಾರ ಪಟ್ಟಿಯಲ್ಲೂ ಇರಲಿಲ್ಲ. ಮಾರುಕಟ್ಟೆಗೆ ಹೋಗುವಾಗ ಅಂಗಿ ಬದಲಿಸಿದೆ, ಫೋನನ್ನು ಹಳೆಯ ಅಂಗಿಯ ಜೇಬಿನಲ್ಲೇ ಬಿಟ್ಟೆ.